ನಮ್ ಟೀಮು ಯಾವ್ದು ಮಾವ?

ಹುಟ್ಟಿದ್ದು ಮಳವಳ್ಳಿ ತಾಲೂಕು, ಓದಿದ್ದು ಮಂಡ್ಯ, ಅಕ್ಕನ್ನ ಕೊಟ್ಟಿದ್ದು ಮದ್ದೂರು. ಈ ಮೂರು 'ಮ'ಗಳ ನಡುವೆ ಓಡಾಡುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಇನ್ನರ್ಧ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ.

2025ರ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದೆ. ಕಿಚ್ಚು ಹಾಯಿಸೋಕೆ ಇನ್ನೂ ಹೊತ್ತಿತ್ತು. ಭಾವ ಹಟ್ಟಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳೀತಿದ್ದರು. ನಾನು ಎಳ್ಳು-ಬೆಲ್ಲದಲ್ಲಿ ಕೊಬ್ಬರಿ ಚೂರು ಆರಿಸಿಕೊಂಡು ತಿನ್ನುತ್ತಾ ಟೀವಿ ಮುಂದೆ ಕೂತಿದ್ದೆ. ಹಾಕಿ ಬರ್ತಿತ್ತು. ರಾಂಚಿಯಲ್ಲಿ ಹೆಣ್ಣುಮಕ್ಕಳ ಹಾಕಿ ಇಂಡಿಯಾ ಲೀಗ್, ಮೊಟ್ಟಮೊದಲ ಸಲ. ಪಕ್ಕದಲ್ಲಿ ಅಕ್ಕನ ಮಗಳು, ಎಂಟನೇ ಕ್ಲಾಸು. ಅವಳ ಸ್ಕೂಲಿನ ಪೀಟಿ ಮೇಷ್ಟ್ರು ಎಲ್ಲಿಂದಲೋ ಹತ್ತು ಹಾಕಿ ಸ್ಟಿಕ್ ತಂದು ಮಕ್ಕಳ ಕೈಗೆ ಕೊಟ್ಟಿದ್ದಾರೆ. ಅವತ್ತಿಂದ ಈ ಹುಡುಗಿಗೆ ಬೇರೆ ಮಾತೇ ಇಲ್ಲ.

ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದವಳು ನನ್ನ ಕಡೆ ತಿರುಗಿ ಕೇಳಿದಳು: "ಇದ್ರಲ್ಲಿ ನಮ್ ಟೀಮು ಯಾವ್ದು ಮಾವ?"

ಹೆಣ್ಣುಮಕ್ಕಳ ಲೀಗಿನಲ್ಲಿದ್ದದ್ದು ನಾಲ್ಕೇ ತಂಡ. ದೆಹಲಿ, ಒಡಿಶಾ, ಬಂಗಾಳ, ಆಮೇಲೆ ಪಂಜಾಬ್-ಹರಿಯಾಣ ಕಡೆಯ ಸೂರ್ಮಾ. ಗಂಡಸರದ್ದು ಎಂಟು. ಅದರಲ್ಲಿ ಹೈದರಾಬಾದ್ ಇತ್ತು, ತಮಿಳುನಾಡು ಇತ್ತು, ವಿಶಾಖಪಟ್ಟಣವೂ ಇತ್ತು. ಬೆಂಗಳೂರು ಇರಲಿಲ್ಲ. ಕರ್ನಾಟಕ ಅನ್ನೋ ಹೆಸರೇ ಇರಲಿಲ್ಲ.

"ನಮ್ದು ಇಲ್ಲ ಕಣವ್ವಾ" ಅಂದೆ.

"ಹಂಗಾದ್ರೆ ಹತ್ರದ್ದು ಯಾವ್ದೋ ಅದೇ ನಮ್ದು. ಗಂಡುಸ್ರುದ್ರಲ್ಲಿ ತಮಿಳ್ನಾಡು."

ಜಗುಲಿಯಲ್ಲಿ ಕಡ್ಡಿಪುಡಿ ಹಾಕಿಕೊಂಡು ಕೂತಿದ್ದ ಅವಳ ತಾತನ ಕಿವಿ ಅಲ್ಲಿಂದಲೇ ನೆಟ್ಟಗಾಯಿತು. "ತಮಿಳ್ನಾಡಾ? ನೀರ್ ಬುಟ್ಟಿದ್ದು ಸಾಲ್ದು ಅಂತ ಚಪ್ಪಾಳೆನೂ ಬುಡ್ಬೇಕಾ!" ಮನೆಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ. ಅಡುಗೆಮನೆಯಿಂದ ಅಕ್ಕ ಕೂಗಿ ಕೇಳಿದಳು: "ಸ್ಪೋರ್ಟ್ಸ್ ಹಾಸ್ಟೆಲ್ಗೆ ಹೋಯ್ತೀನಿ ಅಂತ ಕುಂತವ್ಳೆ. ಹಾಕಿ ಆಡುದ್ರೆ ಕೆಲ್ಸ ಗಿಲ್ಸ ಸಿಕ್ತದೇನೋ? ನೀನು ಬೆಂಗ್ಳೂರಲ್ಲಿರೋನು, ನಿಂಗೆ ಗೊತ್ತಿರ್ತದೆ, ಹೇಳು."

ನನಗೆ ಗೊತ್ತಿರಲಿಲ್ಲ. ಗೊತ್ತಿರುವವನ ಹಾಗೆ "ನೋಡಣ" ಅಂದೆ. ಆಮೇಲೆ ನಿಜಕ್ಕೂ ನೋಡಿದೆ. ನೋಡ್ತಾ ಹೋದ ಹಾಗೆ ತಿಳಿದಿದ್ದೇ ಈ ಕತೆ. ಹಾಕಿಗೆ ಇಷ್ಟೆಲ್ಲ ಕೊಟ್ಟ ಬೆಂಗಳೂರಿಗೆ ದುಡ್ಡಿನ ಹಾಕಿ ಬಂದು ನಿಲ್ಲಲೇ ಇಲ್ಲ ಯಾಕೆ ಅನ್ನೋ ಕತೆ.

*

ಮೊದಲು ಒಂದು ತಮಾಷೆ ಹೇಳ್ತೀನಿ. ಮಂಡ್ಯದಿಂದ ಹೊರಟ ಬಸ್ಸು ಹಳೇ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬೆಂಗಳೂರು ಸೇರುವಾಗ ಎಡಕ್ಕೆ ಜ್ಞಾನಭಾರತಿ ಸಿಗುತ್ತದೆ. ಅಲ್ಲಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲೇ ಭಾರತದ ಹಾಕಿ ತಂಡಗಳು ವರ್ಷದ ಬಹುಪಾಲು ಬೀಡುಬಿಟ್ಟಿರುವುದು. ಗಂಡಸರದ್ದೂ, ಹೆಂಗಸರದ್ದೂ. ಕೊರೊನಾ ಲಾಕ್‌ಡೌನಿನಲ್ಲಿ ಅವರೆಲ್ಲ ಸಿಕ್ಕಿಹಾಕಿಕೊಂಡಿದ್ದೂ ಅಲ್ಲೇ. ಟೋಕಿಯೋದಲ್ಲಿ 41 ವರ್ಷದ ನಂತರ ಬಂದ ಒಲಿಂಪಿಕ್ ಪದಕಕ್ಕೆ ಬೆವರು ಸುರಿಸಿದ್ದು ಆ ಅಂಗಳದಲ್ಲಿ. ದೇಶದ ತಂಡಕ್ಕೆ ಊಟ, ನಿದ್ದೆ, ತಾಲೀಮು ಎಲ್ಲ ಬೆಂಗಳೂರಲ್ಲಿ. ಟಿಕೆಟ್ ಕೊಟ್ಟು ನೋಡುವ ಪಂದ್ಯ ಮಾತ್ರ ಬೇರೆ ಊರಲ್ಲಿ.

ಇನ್ನು ಆಟಗಾರರ ಲೆಕ್ಕಕ್ಕೆ ಬಂದರೆ ಕೊಡಗಿನ ಹೆಸರು ಹೇಳದೆ ಮುಂದಕ್ಕೆ ಹೋಗುವ ಹಾಗೇ ಇಲ್ಲ. ಎಂ.ಪಿ. ಗಣೇಶ್, 1975ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಈಚೆಗೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಸೋಮವಾರಪೇಟೆಯ ಎಸ್.ವಿ. ಸುನಿಲ್. ಇವರೆಲ್ಲ ಯಾವುದೋ ಒಂದು ಹಂತದಲ್ಲಿ ಬೆಂಗಳೂರಿನಲ್ಲಿ ಆಡಿದವರು.

ಆಗ ಹಾಕಿ ಆಡಿದವರಿಗೆ ಹೊಟ್ಟೆಪಾಡು ಹೇಗಿತ್ತು? ಲೀಗ್ ಇರಲಿಲ್ಲ, ನೌಕರಿ ಇತ್ತು. ಎಚ್‌ಎಎಲ್, ಐಟಿಐ, ಬ್ಯಾಂಕುಗಳು, ರೈಲ್ವೆ, ಇನ್ನು ಸೈನ್ಯದ ಕಡೆಯಿಂದ ಎಂಇಜಿ, ಎಎಸ್‌ಸಿ. ಚೆನ್ನಾಗಿ ಆಡಿದರೆ ಯಾವುದೋ ಒಂದು ಕಡೆ ಕೆಲಸ. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಮೈದಾನ. ರಿಟೈರ್ ಆದ ಮೇಲೆ ಪೆನ್ಶನ್. ನಮ್ಮ ಕಡೆಯ ಅಪ್ಪಂದಿರು "ಆಟ ಅನ್ನ ಹಾಕ್ತದಾ?" ಅಂತ ಕೇಳಿದಾಗ "ಹಾಕ್ತದೆ" ಅಂತ ಧೈರ್ಯವಾಗಿ ಹೇಳಬಹುದಾಗಿದ್ದ ಕಾಲ ಅದು. ನೆಹರೂ ಕಾಲದ ಕಾರ್ಖಾನೆಗಳು ಬರೀ ಟೆಲಿಫೋನು, ವಿಮಾನ ಮಾಡಲಿಲ್ಲ, ಹಾಕಿ ಆಟಗಾರರನ್ನೂ ಸಾಕಿದವು. 1990ರ ದಶಕದ ನಂತರ ಐಟಿಐ ಸೊರಗಿತು. ಉಳಿದ ಕಡೆಯೂ ಆಟಗಾರರಿಗೆ ಅಂತ ಇರ್ತಿದ್ದ ಜಾಗಗಳು ಕಡಿಮೆಯಾಗುತ್ತಾ ಬಂದವು. ಹಳೇ ಬೆಂಗಳೂರಿನ ಹಾಕಿ ನಿಂತಿದ್ದ ನೆಲ ನಿಧಾನವಾಗಿ ಕುಸಿಯಿತು.

ನೆಲ ಅಂದೆ ನೋಡಿ, ಆಟದ ನೆಲವೂ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ಹಿಂದಿನ ವರ್ಷ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. ಆವತ್ತಿಂದ ಹಾಕಿ ಬಡವರ ಆಟವಾಗಿ ಉಳಿಯಲಿಲ್ಲ. ಕಬಡ್ಡಿಗೆ ಗದ್ದೆ ಸಾಕು, ಕ್ರಿಕೆಟ್ಟಿಗೆ ರಸ್ತೆ ಸಾಕು. ಹಾಕಿಗೆ ಕೋಟಿಗಟ್ಟಲೆ ಬೆಲೆಯ ಟರ್ಫ್ ಬೇಕು, ಅದನ್ನು ಕೆಲವು ವರ್ಷಕ್ಕೊಮ್ಮೆ ಕಿತ್ತು ಹೊಸದು ಹಾಸಬೇಕು, ಪ್ರತಿ ಪಂದ್ಯಕ್ಕೂ ಮೊದಲು ನೀರು ಹಾಯಿಸಿ ನೆನೆಸಬೇಕು.

ಬೆಂಗಳೂರಿನಲ್ಲಿ ಆ ಟರ್ಫ್ ಇರುವುದು ಶಾಂತಿನಗರದ ಹತ್ತಿರ, ಅಕ್ಕಿತಿಮ್ಮನಹಳ್ಳಿಯಲ್ಲಿ. ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣ. ಒಂದು ಕಾಲಕ್ಕೆ ಅದು ಅಕ್ಕಿತಿಮ್ಮನಹಳ್ಳಿ ಕೆರೆ. ಕೆರೆ ಮುಚ್ಚಿ ಮೈದಾನ ಮಾಡಿದರು, ಈಗ ಮೈದಾನಕ್ಕೆ ನೀರು ಹಾಯಿಸ್ತಾರೆ. ನಗರಕ್ಕೆ ಬರುವ ಕಾವೇರಿಯಾದರೂ ಎಲ್ಲಿಂದ ಬರಬೇಕು? 1974ರಿಂದ ಈ ಕಡೆಗೆ ಅದು ಸುಮಾರು 100 ಕಿಲೋಮೀಟರ್ ದೂರದ ನಮ್ಮ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರ್ತಿದೆ. ಅದಕ್ಕೂ ಮೊದಲು, 1905ರಲ್ಲಿ ಬೆಂಗಳೂರಿಗೆ ಕರೆಂಟು ಹೋಗಿದ್ದೂ ಅದೇ ತಾಲೂಕಿನ ಶಿವನಸಮುದ್ರದಿಂದಲೇ. ನೀರು ಕಳಿಸಿದ್ದೀವಿ, ಬೆಳಕು ಕಳಿಸಿದ್ದೀವಿ. ನನ್ನಂಥವರನ್ನೂ ಕಳಿಸಿದ್ದೀವಿ, ಅದು ಬಿಡಿ.

*

ದುಡ್ಡಿನ ಹಾಕಿ ಅಂತ ನಮ್ಮ ದೇಶದಲ್ಲಿ ಮೊದಲು ಶುರುವಾಗಿದ್ದು 2005ರ ಜನವರಿಯಲ್ಲಿ. ಪ್ರೀಮಿಯರ್ ಹಾಕಿ ಲೀಗ್. ಐಪಿಎಲ್‌ಗಿಂತ ಮೂರು ವರ್ಷ ಮೊದಲು ಅನ್ನೋದು ನೆನಪಿರಲಿ. ಊರಿನ ಹೆಸರಿನ ತಂಡಗಳು, ವಿದೇಶಿ ಆಟಗಾರರು, ಬಣ್ಣಬಣ್ಣದ ಜೆರ್ಸಿ, ಜಾಹೀರಾತಿಗೆ ಅನುಕೂಲವಾಗುವ ಹಾಗೆ ಆಟವನ್ನು ನಾಲ್ಕು ತುಂಡು ಮಾಡಿದ್ದು, ಎಲ್ಲ ಅಲ್ಲಿಯೇ ಮೊದಲು. ಬೆಂಗಳೂರಿನ ತಂಡ ಮೊದಲು ಲಯನ್ಸ್ ಆಗಿತ್ತು, ಆಮೇಲೆ ಹೈ-ಫ್ಲೈಯರ್ಸ್ ಆಯಿತು. ಕಪ್ ಕೂಡ ಎತ್ತಿತು.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಪೀಜಿಯ ಹಾಲಿನಲ್ಲಿ ಒಂದೇ ಟೀವಿ, ಹದಿನಾರು ಜನ. ಹಾಕಿ ಹಾಕಿ ಅಂತ ಕೂಗುತ್ತಿದ್ದವರು ನಾನೂ, ಗೋಣಿಕೊಪ್ಪದವನೊಬ್ಬನೂ. ಉಳಿದ ಹದಿನಾಲ್ಕು ಜನ ಬಹುಮತದಿಂದ ಕ್ರಿಕೆಟ್ ಹಾಕಿಸ್ತಿದ್ದರು. ಪ್ರಜಾಪ್ರಭುತ್ವದ ಮೇಲೆ ನನಗೆ ಸ್ವಲ್ಪ ಬೇಜಾರು ಶುರುವಾಗಿದ್ದೇ ಆಗ.

ಆ ಲೀಗಿನಲ್ಲಿ ಒಂದು ಮೂಲ ದೋಷ ಇತ್ತು. ಹೆಸರು ಊರಿಂದು, ಆಟ ಟೀವಿಯದ್ದು. ಮೊದಲ ವರ್ಷವಂತೂ ಎಲ್ಲ ತಂಡಗಳೂ ಹೈದರಾಬಾದಿಗೆ ಹೋಗಿ ಆಡಿಬಂದವು. ಕ್ಯಾಮೆರಾ, ಲೈಟು, ಸಿಬ್ಬಂದಿ ಎಲ್ಲವನ್ನೂ ಊರೂರಿಗೆ ಹೊತ್ತು ತಿರುಗುವುದು ದುಬಾರಿ, ಒಂದು ಕಡೆ ನೆಟ್ಟರೆ ಅಗ್ಗ. ಆದರೆ ಊರಿನವರು ಮೈದಾನದಲ್ಲಿ ಕೂತು ಗಂಟಲು ಹರಿಯುವ ಹಾಗೆ ಕೂಗದೆ ತಂಡ ಊರಿನದ್ದಾಗೋದು ಹೇಗೆ?

2008ರ ಮಾರ್ಚ್ ಮತ್ತು ಏಪ್ರಿಲ್, ಈ ಎರಡು ತಿಂಗಳು ನಮ್ಮ ಆಟಗಳ ಹಣೆಬರಹ ಬರೆದುಬಿಟ್ಟವು. ಮಾರ್ಚ್ 9ರಂದು ಚಿಲಿಯ ಸ್ಯಾಂಟಿಯಾಗೋದಲ್ಲಿ ಭಾರತದ ಹಾಕಿ ತಂಡ ಬ್ರಿಟನ್ನಿಗೆ ಸೋತಿತು. 1928ರಿಂದ ಆಡುತ್ತಾ ಬಂದವರು ಮೊಟ್ಟಮೊದಲ ಸಲ ಒಲಿಂಪಿಕ್ಸಿಗೆ ಅರ್ಹತೆ ಕಳೆದುಕೊಂಡರು. ಏಪ್ರಿಲ್ 18ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಐಪಿಎಲ್ ಉದ್ಘಾಟನೆ, ಮೆಕಲಮ್ 158. ಏಪ್ರಿಲ್ 28ರಂದು ಲಂಚದ ಆರೋಪದ ಗಲಾಟೆಯ ಬೆನ್ನಿಗೆ ಹಾಕಿ ಫೆಡರೇಷನ್ನಿನ ಅಮಾನತು. ಪ್ರೀಮಿಯರ್ ಹಾಕಿ ಲೀಗ್ ಆ ವರ್ಷಕ್ಕೇ ಮುಗಿಯಿತು. ಹಾಕಿ ಹೋದ ಬಾಗಿಲಲ್ಲೇ ಕ್ರಿಕೆಟ್ ಒಳಗೆ ಬಂತು, ಅದೂ ನಮ್ಮೂರಲ್ಲೇ. ಅಕ್ಕಿತಿಮ್ಮನಹಳ್ಳಿಗೂ ಚಿನ್ನಸ್ವಾಮಿಗೂ ಆಟೋದಲ್ಲಿ ಹೋದರೆ ಹತ್ತು-ಹದಿನೈದು ನಿಮಿಷ, ಟ್ರಾಫಿಕ್ ಇಲ್ಲದಿದ್ದರೆ.

*

ಎರಡನೇ ಸಲ ಬಂದಿದ್ದು 2012ರಲ್ಲಿ. ವರ್ಲ್ಡ್ ಸೀರೀಸ್ ಹಾಕಿ. ಎಂಟು ತಂಡ, ಫೆಬ್ರವರಿ 29ರಿಂದ ಏಪ್ರಿಲ್ 2ರ ತನಕ. ಈ ಸಲ ಸರಿಯಾಗಿ ತವರು ಪಂದ್ಯಗಳ ಲೆಕ್ಕ. ನಮ್ಮದು ಕರ್ನಾಟಕ ಲಯನ್ಸ್, ಕ್ಯಾಪ್ಟನ್ ಅರ್ಜುನ್ ಹಾಲಪ್ಪ, ಅಂಗಳ ಅಕ್ಕಿತಿಮ್ಮನಹಳ್ಳಿ.

ಗೋಣಿಕೊಪ್ಪದ ಗೆಳೆಯನ ಜೊತೆ ಒಂದು ಸಂಜೆ ಹೋಗಿದ್ದೆ. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಯಾಲರಿಯಲ್ಲಿ ಕೊಡವ ಮಾತು, ಆಂಗ್ಲೋ-ಇಂಡಿಯನ್ ಇಂಗ್ಲಿಷು, ಕಂಟೋನ್ಮೆಂಟಿನ ತಮಿಳು, ದಖನಿ ಉರ್ದು ಎಲ್ಲ ಒಟ್ಟಿಗೆ ಕೇಳಿಸ್ತಿತ್ತು. ಎಪ್ಪತ್ತು ದಾಟಿದ ಒಬ್ಬರು ಹಳೇ ಬ್ಲೇಜರ್ ಹಾಕಿಕೊಂಡು ಬಂದಿದ್ದರು. ಪ್ರತಿ ಪೆನಾಲ್ಟಿ ಕಾರ್ನರಿಗೂ ಎದ್ದು ನಿಂತು, ಗೋಲಾಗದಿದ್ದರೆ ಯಾರಿಗೂ ಕೇಳದ ಹಾಗೆ ಬೈದುಕೊಂಡು ಕೂರುತ್ತಿದ್ದರು. ಬೆಂಗಳೂರಿನಲ್ಲಿ ಹಾಕಿಗೆ ಜನ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಆ ಬ್ಲೇಜರ್ ನೆನಪಾಗುತ್ತದೆ. ಜನ ಇದ್ದರು. ಚಿನ್ನಸ್ವಾಮಿಯಷ್ಟು ಇರಲಿಲ್ಲ ಅಷ್ಟೆ.

ಮುಂದಿನ ವರ್ಷ ಮತ್ತೆ ಬರೋಣ ಅಂತ ಮಾತಾಡಿಕೊಂಡು ಎದ್ದೆವು. ಮುಂದಿನ ವರ್ಷ ಬರಲಿಲ್ಲ. ಆಗ ದೇಶದ ಹಾಕಿಗೆ ಇಬ್ಬರು ಯಜಮಾನರು. ಹಳೇ ಫೆಡರೇಷನ್ ಒಂದು ಕಡೆ, ಹೊಸದಾಗಿ ಬಂದ ಹಾಕಿ ಇಂಡಿಯಾ ಇನ್ನೊಂದು ಕಡೆ. ಲೀಗ್ ನಡೆಸಿದ್ದು ಹಳಬರು, ಅಂತಾರಾಷ್ಟ್ರೀಯ ಮಾನ್ಯತೆ ಇದ್ದದ್ದು ಹೊಸಬರಿಗೆ. ಅತ್ತೆ-ಸೊಸೆ ಜಗಳದಲ್ಲಿ ಕೂಸು ಬಡವಾಯ್ತು ಅಂತ ನಮ್ಮ ಕಡೆ ಹೇಳೋದು ಇಂಥದ್ದಕ್ಕೇ. ಆ ಲೀಗ್ ಒಂದೇ ಸೀಸನ್ನಿಗೆ ಕಣ್ಣುಮುಚ್ಚಿತು.

2013ರ ಜನವರಿಯಲ್ಲಿ ಹಾಕಿ ಇಂಡಿಯಾ ತನ್ನದೇ ಲೀಗ್ ತಂದಿತು. ದೆಹಲಿ, ಪಂಜಾಬ್, ಉತ್ತರ ಪ್ರದೇಶ, ರಾಂಚಿ, ಮುಂಬೈ, ಮರುವರ್ಷ ಕಳಿಂಗ. 2017ರ ತನಕ ನಡೆದು ನಿಂತಿತು. ಅಷ್ಟೂ ವರ್ಷ ದಕ್ಷಿಣದ ರಾಜ್ಯಗಳಿಂದ ಒಂದೇ ಒಂದು ತಂಡ ಇರಲಿಲ್ಲ. ನಮ್ಮ ರಘುನಾಥ್ ಉತ್ತರ ಪ್ರದೇಶಕ್ಕೆ ಆಡಿದರು, ಸುನಿಲ್ ಪಂಜಾಬಿಗೆ ಓಡಿದರು. ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1933ರ ಮೈಷುಗರ್ ಕಾರ್ಖಾನೆ ಕೆಲವು ವರ್ಷ ಬಾಗಿಲು ಹಾಕಿ, 2022ರಲ್ಲಿ ಮತ್ತೆ ಅರೆಯಲು ಶುರು ಮಾಡಿತಲ್ಲ, ಆ ನಡುವೆ ಏನಾಯಿತು? ಗದ್ದೆ ನಮ್ಮದು, ನೀರು ನಮ್ಮದು, ಕಬ್ಬು ನಮ್ಮದು. ಲಾರಿ ಮಾತ್ರ ಬೇರೆ ಊರಿನ ಕಾರ್ಖಾನೆಗೆ. ಅಲ್ಲಿ ತೂಕ, ಅಲ್ಲಿ ರೇಟು, ಅಲ್ಲಿ ಹೆಸರು. ಹಾಕಿಯಲ್ಲೂ ಅದೇ ಆಗಿದ್ದು.

*

ಹಂಗಾದ್ರೆ ಬೆಂಗಳೂರಿಗೆ ಕೊರತೆ ಏನಿತ್ತು? ಮೈದಾನ ಇತ್ತು, ಆಟಗಾರರು ಇದ್ದರು, ನೋಡೋಕೆ ಅಷ್ಟಿಷ್ಟು ಜನ ಇದ್ದರು, ದುಡ್ಡಿರುವ ಕಂಪನಿಗಳಿಗಂತೂ ಬರವೇ ಇರಲಿಲ್ಲ. ಇಲ್ಲದೇ ಇದ್ದದ್ದು ಒಂದೇ, "ಇದು ನಷ್ಟ ಆದರೂ ಹತ್ತು ವರ್ಷ ನಡೆಸ್ತೀನಿ" ಅನ್ನುವ ಯಜಮಾನ.

ಒಡಿಶಾ ನೋಡಿ. ಅಲ್ಲಿ ಸರ್ಕಾರವೇ ಆ ಯಜಮಾನಿಕೆ ವಹಿಸಿಕೊಂಡಿತು. 2018ರಿಂದ ಭಾರತ ತಂಡಗಳ ಪ್ರಾಯೋಜಕತ್ವ, 2018ರ ವಿಶ್ವಕಪ್, 2023ರ ವಿಶ್ವಕಪ್, ಅದಕ್ಕಾಗಿ ರೂರ್ಕೆಲಾದಲ್ಲಿ 20,000ಕ್ಕೂ ಹೆಚ್ಚು ಜನ ಕೂರುವ ಬಿರ್ಸಾ ಮುಂಡಾ ಕ್ರೀಡಾಂಗಣ. 2024ರ ಡಿಸೆಂಬರ್ 28ರಂದು ಲೀಗ್ ಮತ್ತೆ ಜೀವ ಪಡೆದಾಗ ಗಂಡಸರ ಪಂದ್ಯಗಳಿಗೆ ಮುಖ್ಯ ಅಂಗಳವಾಗಿದ್ದೂ ಅದೇ. ಹೆಂಗಸರದ್ದು ರಾಂಚಿಯಲ್ಲಿ, 1928ರ ಒಲಿಂಪಿಕ್ ಚಿನ್ನದ ತಂಡದ ನಾಯಕ ಜೈಪಾಲ್ ಸಿಂಗ್ ಮುಂಡಾ ಹೆಸರಿನ ಅಂಗಳದಲ್ಲಿ. ನಾವು ಐಟಿ ನಗರಿ ಅಂತ ಮೀಸೆ ತಿರುವುತ್ತಾ ಕೂತಿದ್ದಾಗ ಉಕ್ಕಿನ ಊರು ನಮ್ಮ ಕೈಯಿಂದ ಚೆಂಡು ಕಿತ್ತುಕೊಂಡು ಹೋಗಿತ್ತು. ಕಿತ್ತುಕೊಂಡಿತು ಅನ್ನೋದೂ ತಪ್ಪು. ನಾವು ಹಿಡಿದೇ ಇರಲಿಲ್ಲ.

ಅಂಗಳ ಕಟ್ಟಿದರೆ ತಂಡ ತಾನಾಗಿ ಬರುತ್ತದೆ ಅಂದುಕೊಂಡು ಮೋಸ ಹೋದ ಊರುಗಳು ಬೇರೆ ಕಡೆಯೂ ಇವೆ. ಕೆನಡಾದ ಕ್ವಿಬೆಕ್ ನಗರದಲ್ಲಿ ಐಸ್ ಹಾಕಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. 1995ರಲ್ಲಿ ಅವರ ನಾರ್ಡಿಕ್ಸ್ ತಂಡ ಅಮೆರಿಕದ ಡೆನ್ವರಿಗೆ ಹೊರಟುಹೋಯಿತು. ಊರಿನವರು ಇಪ್ಪತ್ತು ವರ್ಷ ಕೊರಗಿ, 2015ರಲ್ಲಿ ಹೊಸ ದೊಡ್ಡ ಅಂಗಳ ಕಟ್ಟಿ ಕಾದರು. 2016ರಲ್ಲಿ ಲೀಗಿನವರು ಹೊಸ ತಂಡ ಕೊಟ್ಟದ್ದು ಲಾಸ್ ವೇಗಸ್ಸಿಗೆ. ಅಂದರೆ ಮರಳುಗಾಡಿಗೆ! ಅಮೆರಿಕದ ಕನ್ಸಾಸ್ ಸಿಟಿ 2007ರಲ್ಲೇ ಅಂಥದ್ದೊಂದು ಕಟ್ಟಿ ಕಾಯ್ತಾ ಇದೆ. ಲೀಗ್ ನೋಡೋದು ಊರಿನ ಪ್ರೀತಿಯನ್ನಲ್ಲ, ಮಾಲೀಕನ ಜೇಬನ್ನ.

*

ಬೆಂಗಳೂರಿನ ಇನ್ನೊಂದು ಕತೆ ಇದಕ್ಕೆ ತಿರುವುಮುರುವು. ಅದು ಕಬಡ್ಡಿಯದು, ಹಾಗಾಗಿ ನಮ್ಮ ಮಂಡ್ಯದ ಕತೆಯೂ ಹೌದು.

ಹಾಕಿಗೆ ಅಂಗಳ ಇತ್ತು, ತಂಡ ಇರಲಿಲ್ಲ. ಕಬಡ್ಡಿಗೆ 2014ರಲ್ಲಿ ತಂಡ ಬಂತು, ಅಂಗಳ ಕೈಕೊಟ್ಟಿತು. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ಮೊದಲು ಆಡಿದ್ದು ಕಂಠೀರವ ಒಳಾಂಗಣದಲ್ಲಿ. ಅದೂ ಒಂದು ಕಾಲದ ಸಂಪಂಗಿ ಕೆರೆಯ ಜಾಗ. ನಮ್ಮೂರಲ್ಲಿ ಆಟ ನೋಡಬೇಕಾದರೆ ಮೊದಲು ಕೆರೆ ಒಣಗಬೇಕು ಅಂತ ಕಾಣುತ್ತೆ. 2017ರಲ್ಲಿ ಕಂಠೀರವ ಸಿಗದೆ ಬುಲ್ಸ್ ತಮ್ಮ 'ತವರು' ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. 2018ರಲ್ಲೂ ಸಿಗಲಿಲ್ಲ, ಪುಣೆಗೆ ಹೋದರು. ಆ ಸೀಸನ್ನಿನಲ್ಲೇ, 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಚಾಂಪಿಯನ್ ಆದರು. ಪವನ್ ಸೆಹ್ರಾವತ್ ಒಬ್ಬರದ್ದೇ 22 ಅಂಕ. ಬೆಂಗಳೂರು ಗೆದ್ದಿತು, ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡದೆ. ಆ ರಾತ್ರಿ ಮಂಡ್ಯದಲ್ಲಿ ಗೆಳೆಯರ ಜೊತೆ ಮೊಬೈಲಿನಲ್ಲಿ ನೋಡಿದೆ. ಪಕ್ಕದಲ್ಲಿ ಕೂತಿದ್ದವನ ಮುಖ ಮಾತ್ರ ಮರೆಯೋಕಾಗಲ್ಲ.

ಅವನು ನನ್ನ ಹೈಸ್ಕೂಲ್ ಕ್ಲಾಸ್‌ಮೇಟು. ರೈಡಿಗೆ ಹೋದ ಅಂದರೆ ಮೂರು ಜನರನ್ನು ಮುಟ್ಟದೆ ವಾಪಸ್ ಬಂದದ್ದು ಕಡಿಮೆ. ಹಬ್ಬ, ಜಾತ್ರೆ, ಹೊನಲು ಬೆಳಕಿನ ಪಂದ್ಯ ಅಂತ ಸುತ್ತಮುತ್ತ ಎಲ್ಲಿ ಕಬಡ್ಡಿ ಇದ್ದರೂ ಅವನು ಇರ್ತಿದ್ದ. ಬಹುಮಾನ ಅಂದರೆ ಒಂದು ಟಗರು, ಇಲ್ಲವೇ ಐದು ಸಾವಿರ ರೂಪಾಯಿ ಏಳು ಜನಕ್ಕೆ. ಇಪ್ಪತ್ತೈದಕ್ಕೆ ಮಂಡಿ ಹೋಯಿತು, ಆಟ ಬಿಟ್ಟು ಟೆಂಪೋ ಓಡಿಸೋಕೆ ಶುರು ಮಾಡಿದ. ಪ್ರೊ ಕಬಡ್ಡಿ ಬರುವ ಹೊತ್ತಿಗೆ ಅವನಿಗೆ ಮೂವತ್ತೊಂದು. ಪವನ್ ಎಗರಿ ಒಬ್ಬನ ತಲೆ ಮೇಲಿಂದ ಹಾರಿದಾಗ ಅವನು ನನ್ನ ತೊಡೆ ಮೇಲೆ ಜೋರಾಗಿ ಹೊಡೆದು, "ಹತ್ ವರ್ಸ ಮುಂಚೆ ಬಂದಿದ್ರೆ ಏನಾಗ್ತಿತ್ಲಾ ಇದ್ಕೆ?" ಅಂದ. ಯಾರಿಗೆ ಕೇಳಿದ್ದು ಅಂತ ಗೊತ್ತಾಗಲಿಲ್ಲ. ನಾನು ಸುಮ್ಮನಿದ್ದೆ.

2019ರಲ್ಲಿ ಬುಲ್ಸ್ ಕಂಠೀರವಕ್ಕೆ ವಾಪಸ್ ಬಂತು. ಕೊರೊನಾ ಕಾಲದ 2021-22ರ ಇಡೀ ಸೀಸನ್ ಬೆಂಗಳೂರಲ್ಲೇ ನಡೆಯಿತು, ಆದರೆ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ. 2024ರ ಸೀಸನ್ನಿಗೆ ಲೀಗಿನವರು ಮೂರೇ ಊರು ಆರಿಸಿಕೊಂಡರು: ಹೈದರಾಬಾದ್, ನೋಯ್ಡಾ, ಪುಣೆ. ಮತ್ತೆ ಅದೇ ಹಳೇ ಪ್ರೀಮಿಯರ್ ಹಾಕಿ ಲೀಗಿನ ಲೆಕ್ಕಾಚಾರ. ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಮದ್ದೂರಿನ ಒಳಗೆ ಬರದೆ ಬೈಪಾಸಿನಲ್ಲಿ ಹೋಗ್ತವಲ್ಲ, ಹಾಗೆ. ವಡೆ ಇಲ್ಲೇ ಇದೆ, ಗಿರಾಕಿ ಆ ಕಡೆಯಿಂದ ಹೋದ.

ಈ ಊರಿಗೆ ಒಂದು ತಂಡವನ್ನು 'ನಮ್ದು' ಅನ್ನೋಕೆ ಬರಲ್ಲ ಅಂತಲ್ಲ. ಆರ್‌ಸಿಬಿ ನೋಡಿ. ಹದಿನೇಳು ಸೀಸನ್ ಕಪ್ ಇಲ್ಲದೆ "ಈ ಸಲ ಕಪ್ ನಮ್ದೇ" ಅಂತ ಕೂಗಿದ ಜನ ನಾವು. ಅದರಲ್ಲಿ ಎಷ್ಟು ಕನ್ನಡಿಗರಿದ್ದರು ಅಂತ ಬೆರಳು ಮಡಚಿದವರು ಕಡಿಮೆ. ಅದು ನಮ್ಮದಾಗಿದ್ದು ಗೆದ್ದದ್ದಕ್ಕಲ್ಲ, ಹೆಚ್ಚಿನ ಬೇಸಿಗೆಗಳಲ್ಲಿ ಅದೇ ಊರಿಗೆ, ಅದೇ ಅಂಗಳಕ್ಕೆ ವಾಪಸ್ ಬಂದದ್ದಕ್ಕೆ. ಹಾಕಿಗೆ ಆ ಹದಿನೇಳು ವರ್ಷವನ್ನು ಯಾರೂ ಕೊಡಲಿಲ್ಲ.

*

ಕೊಟ್ಟವರು ಒಬ್ಬರಿದ್ದರು, ಅವರು ಬೆಂಗಳೂರಿನವರಲ್ಲ. 1997ರಲ್ಲಿ ವಿರಾಜಪೇಟೆ ಹತ್ತಿರದ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅನ್ನುವವರು ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬದ ತಂಡ. ಪ್ರತಿ ವರ್ಷ ಒಂದೊಂದು ಮನೆತನ ಅದನ್ನು ನಡೆಸುವ ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ್ದೇ ಹೆಸರು. ಮಳೆ, ಪ್ರವಾಹ, ಕೊರೊನಾ ಅಂತ ಕೆಲವು ವರ್ಷ ನಿಂತರೂ ಮತ್ತೆ ಎದ್ದಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ಪಿಗೆ ಬಂದದ್ದು 360 ತಂಡ. ಗಿನ್ನೆಸ್ ದಾಖಲೆ. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಜೆರ್ಸಿಯಲ್ಲಿ.

ಲೆಕ್ಕ ಹಾಕಿ ನೋಡಿ. ಕುಟ್ಟಪ್ಪನವರ ಹಬ್ಬ ಶುರುವಾದ ಮೇಲೆ ದೇಶದಲ್ಲಿ ಮೂರು ದುಡ್ಡಿನ ಲೀಗುಗಳು ಹುಟ್ಟಿದವು. ಎರಡು ಸತ್ತವು, ಮೂರನೆಯದು ಏಳು ವರ್ಷ ಮಲಗಿ ಎದ್ದಿತು. ಕಾರ್ಖಾನೆ ಬಾಗಿಲು ಹಾಕಿದಾಗ ಮಂಡ್ಯದವರು ಏನು ಮಾಡಿದರೋ ಕೊಡವರು ಹಾಕಿಯಲ್ಲಿ ಅದನ್ನೇ ಮಾಡಿದ್ದಾರೆ: ಆಲೆಮನೆ ಹಾಕಿದ್ದಾರೆ. ಸಕ್ಕರೆಯಷ್ಟು ಬೆಳ್ಳಗಿಲ್ಲದಿದ್ದರೂ ಬೆಲ್ಲ ಬೆಲ್ಲವೇ, ಮತ್ತೆ ಅದು ಮನೆಯದ್ದು.

ಹಾಗಂತ ಆಲೆಮನೆ ಇದೆ, ಕಾರ್ಖಾನೆ ಬೇಡ ಅಂತ ನಾನು ಹೇಳಲಾರೆ. ಅಕ್ಕ ಕೇಳಿದ್ದು ಹಬ್ಬದ ಬಗ್ಗೆ ಅಲ್ಲ, ಅನ್ನದ ಬಗ್ಗೆ. ನಮ್ಮ ಸ್ನೇಹಿತನ ಮಂಡಿಗೆ ಜಾತ್ರೆಯ ಟಗರು ಔಷಧ ಕೊಡಿಸಲಿಲ್ಲ.

*

ಎರಡು ವಾರ ಬಿಟ್ಟು ಅಕ್ಕನಿಗೆ ಫೋನ್ ಮಾಡಿ ತಿಳಿದಷ್ಟನ್ನು ತಿಳಿದ ಹಾಗೇ ಹೇಳಿದೆ. ಮುಂಚೆ ಹಾಕಿ ಆಡಿದ್ರೆ ಕಾರ್ಖಾನೆ ಕೆಲಸ ಇತ್ತು, ಈಗ ಅದು ಕಮ್ಮಿ. ರೈಲ್ವೆ, ಪೊಲೀಸು, ಸೈನ್ಯ ಇವೆ. ಲೀಗ್ ಮತ್ತೆ ಬಂದಿದೆ, ಹೆಣ್ಣುಮಕ್ಕಳಿಗೂ ಬಂದಿದೆ, ಎಷ್ಟು ವರ್ಷ ನಿಲ್ಲುತ್ತೋ ಹೇಳಕ್ಕಾಗಲ್ಲ. ಓದು ಬಿಡಿಸಬೇಡ, ಆಟಾನೂ ಬಿಡಿಸಬೇಡ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾನೂ ಹೇಳ್ದೆ, ಏನೂ ಹೇಳ್ಲಿಲ್ಲ" ಅಂದಳು. ಸರಿಯಾಗೇ ಹೇಳಿದಳು.

ಬೇಸಿಗೆ ರಜೆಗೆ ಹುಡುಗಿ ಬೆಂಗಳೂರಿಗೆ ಬಂದಳು. ಒಂದು ಭಾನುವಾರ ಅಕ್ಕಿತಿಮ್ಮನಹಳ್ಳಿಗೆ ಕರೆದುಕೊಂಡು ಹೋದೆ. ಸ್ಥಳೀಯ ತಂಡಗಳ ಪಂದ್ಯ, ಟಿಕೆಟ್ ಇಲ್ಲ, ಗ್ಯಾಲರಿಯಲ್ಲಿ ಐವತ್ತು ಜನ ಇದ್ದರೆ ಹೆಚ್ಚು. ಆಟಕ್ಕೆ ಮುಂಚೆ ನೀರಿನ ಪೈಪುಗಳು ಟರ್ಫಿನ ಮೇಲೆ ಕಮಾನು ಹಾಕಿ ಚಿಮ್ಮಿದವು. ಮಣ್ಣಿನ ಮೇಲಷ್ಟೇ ಆಡಿದ್ದವಳಿಗೆ ಅದು ದೊಡ್ಡ ಅಚ್ಚರಿ.

"ಯಾಕ್ ಮಾವ ನೀರ್ ಬುಡ್ತಾವ್ರೆ? ಇದೇನ್ ಗದ್ದೆನಾ?"

"ಚೆಂಡು ಜಾರಲಿ ಅಂತ. ಬಿದ್ರೆ ಮಂಡಿ ಸುಲೀಬಾರ್ದು ಅಂತ."

ಅವಳು ಬೇಲಿಯ ಸಂದಿಯಿಂದ ಕೈ ತೂರಿಸಿ ಹಸಿರು ಅಂಚನ್ನು ಮುಟ್ಟಿ ನೋಡಿದಳು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಆಟ ಶುರುವಾದ ಐದು ನಿಮಿಷಕ್ಕೆ ಒಂದು ಕಡೆಯ ಹತ್ತನೇ ನಂಬರಿನ ಹುಡುಗ ಇಬ್ಬರನ್ನು ದಾಟಿಸಿಕೊಂಡು ಓಡಿದ. ಇವಳು ಎದ್ದು ನಿಂತು ಶಿಳ್ಳೆ ಹೊಡೆದಳು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ತಿರುಗಿ ನೋಡಿ ನಕ್ಕು, "ಯಾರ ಕಡೆ ನೀನು?" ಅಂದರು.

"ಬುಳಿ ಬಟ್ಟೆಯೋರ ಕಡೆ."

"ಅದು ಯಾವ ಟೀಮ್ ಗೊತ್ತಾ?"

"ಗೊತ್ತಿಲ್ಲ" ಅಂದಳು. "ಇವತ್ತಿಗೆ ನಮ್ದು."